ಊರಿನ ಸಣ್ಣ ಚರ್ಚ್ ಶಾಲೆಯನ್ನು ಮೇಲೆತ್ತುವುದು ಹೇಗೆ? ನಲವತ್ತು ಮಕ್ಕಳ ಕನ್ನಡ ಶಾಲೆಗೊಂದು ಸಮಗ್ರ ಮಾರ್ಗದರ್ಶಿ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಇಗರ್ಜಿಯ, ಅಂದರೆ ಚರ್ಚಿನ, ಅಂಗಳ ದಾಟಿದರೆ ಸಿಗುವುದೇ ಶಾಲೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದನೆಯ ಜಗಲಿ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದರು. ಕಥೋಲಿಕ ಚರ್ಚುಗಳೂ ತಮ್ಮ ತಮ್ಮ ಊರುಗಳಲ್ಲಿ ಶಾಲೆ ಕಟ್ಟಿದವು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ತಲೆಮಾರುಗಳು ಕನ್ನಡ ಅಕ್ಷರ ಕಲಿತದ್ದು ಇಂಥ ಕಡೆಗಳಲ್ಲೇ. ಇವತ್ತು ಇವುಗಳಲ್ಲಿ ಹೆಚ್ಚಿನವು ಅನುದಾನಿತ ಶಾಲೆಗಳು. ಮಂಜೂರಾದ ಹುದ್ದೆಯ ಸಂಬಳ ಸರ್ಕಾರದ್ದು, ಕಟ್ಟಡ ಮತ್ತು ಆಡಳಿತ ಚರ್ಚಿನದ್ದು, ಸಂಚಾಲಕರು ಊರಿನ ಫಾದರ್.

ಈಗಿನ ಸ್ಥಿತಿ ನಿಮಗೇ ಗೊತ್ತು. ಮುನ್ನೂರು ಮಕ್ಕಳಿದ್ದ ಕಡೆ ನಲವತ್ತು. ಏಳು ತರಗತಿಗೆ ಮೂವರು ಟೀಚರ್, ಅದರಲ್ಲಿ ಸರ್ಕಾರಿ ಸಂಬಳದವರು ಒಬ್ಬರೋ ಇಬ್ಬರೋ. ಶತಮಾನೋತ್ಸವದ ಕಲ್ಲು ನೆಟ್ಟ ಎರಡು ವರ್ಷಕ್ಕೇ ಶಾಲೆ ಮುಚ್ಚುವ ಮಾತು.

ಇಂಥ ಶಾಲೆಯನ್ನು ಉಳಿಸಬೇಕು, ಬರೀ ಉಳಿಸಿದರೆ ಸಾಲದು, ಒಳ್ಳೆಯ ಶಾಲೆ ಮಾಡಬೇಕು ಅಂತ ಮನಸ್ಸಿರುವ ಸಂಚಾಲಕರಿಗೆ, ಮುಖ್ಯ ಶಿಕ್ಷಕಿಯರಿಗೆ, ಶಿಕ್ಷಕ ರಕ್ಷಕ ಸಂಘದವರಿಗೆ, ಹಳೆ ವಿದ್ಯಾರ್ಥಿಗಳಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಕಡಿಮೆ ಇರುವುದು ಸೋಲು ಅಂತ ನೋಡಬೇಡಿ. ನಲವತ್ತು ಮಕ್ಕಳಿರುವ ಶಾಲೆಯಲ್ಲಿ ಯಾವ ಮಗುವಿಗೆ ಯಾವ ಅಕ್ಷರ ಬರುವುದಿಲ್ಲ ಅನ್ನುವುದನ್ನು ಹೆಸರು ಹಿಡಿದು ಹೇಳಬಹುದು. ಸಾವಿರ ಮಕ್ಕಳ ಶಾಲೆಗೆ ಅದು ಸಾಧ್ಯ ಇಲ್ಲ. ಹಾಗಾಗಿ ಗೋಡೆಗೆ ಬಣ್ಣ ಆಮೇಲೆ, ಓದು ಮೊದಲು.

ಮೊದಲ ಕೆಲಸ: ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿ ಓದಿಸಿ

ಫೆಬ್ರವರಿಯಲ್ಲಿ ಶುರು ಮಾಡಿ. ವರ್ಷದ ಕೊನೆ, ಯಾರು ಎಲ್ಲಿಗೆ ತಲುಪಿದ್ದಾರೆ ಅಂತ ಸ್ಪಷ್ಟವಾಗಿ ಕಾಣುವ ಸಮಯ ಅದು. ಪರೀಕ್ಷೆಯ ಅಂಕ ನಂಬಬೇಡಿ. ಪ್ರಶ್ನೆ ಉತ್ತರ ಬಾಯಿಪಾಠ ಮಾಡಿ ಬರೆದ ಮಗುವಿಗೂ ಅಂಕ ಬರುತ್ತದೆ, ಓದು ಬಂದಿರುತ್ತದೆ ಅಂತ ಇಲ್ಲ.

2005ರಿಂದ ದೇಶದ ಹಳ್ಳಿಗಳಲ್ಲಿ ಮಕ್ಕಳ ಓದು, ಲೆಕ್ಕ ಎಷ್ಟಿದೆ ಅಂತ ನೋಡುವ ಅಸರ್ ಸಮೀಕ್ಷೆಯವರು ಬಳಸುವ ಕ್ರಮ ತುಂಬ ಸರಳ. ಒಂದು ಹಾಳೆಯಲ್ಲಿ ಬಿಡಿ ಅಕ್ಷರಗಳು, ಸಣ್ಣ ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಇಷ್ಟೇ. ಹಾಳೆಯನ್ನು ನೀವೇ ತಯಾರಿಸಬಹುದು. ಒಂದೇ ಷರತ್ತು, ಪಠ್ಯಪುಸ್ತಕದ ವಾಕ್ಯ ಇರಬಾರದು. ಅದು ಮಕ್ಕಳಿಗೆ ಬಾಯಿಗೆ ಬಂದಿರುತ್ತದೆ.

ಮಗುವನ್ನು ಜಗಲಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳಿ, ಬೇರೆ ಮಕ್ಕಳ ಎದುರು ಬೇಡ. ನಾಲ್ಕು ವಾಕ್ಯದಿಂದ ಶುರು ಮಾಡಿ. ಸರಾಗ ಓದಿದರೆ ಕಥೆಗೆ ಹೋಗಿ, ತಡವರಿಸಿದರೆ ಪದಕ್ಕೆ ಇಳಿಯಿರಿ, ಪದವೂ ಬರದಿದ್ದರೆ ಅಕ್ಷರಕ್ಕೆ. ಒಂದು ಮಗುವಿಗೆ ಐದಾರು ನಿಮಿಷ ಸಾಕು. ಮೂವರು ಟೀಚರ್ ಕೂತರೆ ಎರಡು ದಿನದ ಒಳಗೆ ಇಡೀ ಶಾಲೆ ಮುಗಿಯುತ್ತದೆ.

ಕಿವಿಗೊಟ್ಟು ಕೇಳಿದರೆ ತುಂಬ ತಿಳಿಯುತ್ತದೆ. "ಅಕ್ಕ ಬುಟ್ಟಿ ತುಂಬ ಮಲ್ಲಿಗೆ ತಂದಳು" ಅಂತ ಬರೆದಿದ್ದರೆ ಒಬ್ಬ ಹುಡುಗ "ಅಕ ಬುಟಿ ತುಂಬ ಮಲಿಗೆ ತಂದಳು" ಅಂತ ಓದುತ್ತಾನೆ. ಇವನಿಗೆ ಓದು ಬರುವುದಿಲ್ಲ ಅಂತ ಬರೆಯಬೇಡಿ. ಇವನಿಗೆ ಅಕ್ಷರ ಬರುತ್ತದೆ, ಕಾಗುಣಿತ ಬರುತ್ತದೆ, ಒತ್ತಕ್ಷರ ಕಣ್ಣಿಗೆ ಬೀಳುತ್ತಿಲ್ಲ. ಎರಡು ಮೂರು ವಾರದ ಕೆಲಸ ಅಷ್ಟೇ. ಇನ್ನೊಬ್ಬಳು ಕಿ ಮತ್ತು ಕೀ, ಕೆ ಮತ್ತು ಕೇ ಬೇರೆ ಮಾಡುವುದಿಲ್ಲ. ಅವಳದು ದೀರ್ಘದ ತೊಂದರೆ. ಮತ್ತೊಬ್ಬ ಇಡೀ ಕಥೆಯನ್ನು ಗಟಗಟ ಓದಿ ಮುಗಿಸುತ್ತಾನೆ, ಕಥೆಯಲ್ಲಿ ಏನಾಯ್ತು ಮಗಾ ಅಂದರೆ ಸುಮ್ನೆ ಮುಖ ನೋಡುತ್ತಾನೆ. ಅವನಿಗೆ ಕನ್ನಡವೇ ಅರ್ಥ ಆಗುತ್ತಿಲ್ಲ, ಮನೆಯಲ್ಲಿ ಬೇರೆ ಭಾಷೆ. ಮೂವರಿಗೂ ಒಂದೇ ಪಾಠ ಮಾಡಿದರೆ ಮೂವರಿಗೂ ಉಪಯೋಗ ಇಲ್ಲ.

ಲೆಕ್ಕಕ್ಕೂ ಹೀಗೇ. ಒಂದಂಕಿ, ಎರಡಂಕಿ ಗುರುತಿಸುವುದು, ದಶಕ ಪಡೆದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. 42ರಿಂದ 17 ಕಳೆಯಲು ಕೊಡಿ. ಐದನೇ ತರಗತಿಯಲ್ಲೂ 35 ಅಂತ ಬರೆಯುವ ಮಕ್ಕಳು ಸಿಗುತ್ತಾರೆ. ಎರಡರಿಂದ ಏಳು ಹೋಗುವುದಿಲ್ಲ ಅಂತ ಏಳರಿಂದ ಎರಡನ್ನು ಕಳೆದು ಐದು ಬರೆದಿರುತ್ತಾರೆ. ಆ ಮಗುವಿನ ಮಟ್ಟಿಗೆ ಅದು ಸರಿಯಾದ ಯೋಚನೆಯೇ, ಸ್ಥಾನಬೆಲೆ ಮಾತ್ರ ಕೈಗೆ ಸಿಕ್ಕಿಲ್ಲ.

ಒಂದು ದೊಡ್ಡ ನೋಟ್‌ಬುಕ್ಕಿನಲ್ಲಿ ಹೆಸರು, ತರಗತಿ, ಓದಿನ ಮಟ್ಟ, ಲೆಕ್ಕದ ಮಟ್ಟ, ತಡೆಯುತ್ತಿರುವುದು ಏನು ಅಂತ ಬರೆಯಿರಿ. ಕೊನೆಯ ಕಾಲಂ ತುಂಬ ಮುಖ್ಯ. ಈ ಪುಸ್ತಕ ಫಾದರ್ ಕೈಗೂ ಹೋಗಬೇಕು. ಎಸ್‌ಎಟಿಎಸ್, ಯು-ಡೈಸ್ ಅನ್ನುವ ಸರ್ಕಾರಿ ಆನ್‌ಲೈನ್ ದಾಖಲೆಗಳಿಗೆ ತುಂಬಿಸುವ ಮಾಹಿತಿ ಇಲಾಖೆಗೆ ಬೇಕು, ಅದು ಬೇರೆ. ಇದು ನಿಮಗೆ.

ದಿನದ ಮೊದಲ ಗಂಟೆಯನ್ನು ಓದಿಗೆ ಮೀಸಲಿಡಿ

ಪುಸ್ತಕ ತುಂಬಿಸಿ ಕಪಾಟಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಬೆಳಗ್ಗಿನ ಮೊದಲ ಗಂಟೆಯಲ್ಲಿ ತರಗತಿಗಳನ್ನು ಒಡೆಯಿರಿ. ಮೂರರಿಂದ ಏಳನೇ ತರಗತಿವರೆಗಿನ ಮಕ್ಕಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ಮೂರು ಗುಂಪು ಮಾಡಿ. ಅಕ್ಷರ ಮತ್ತು ಪದದವರು ಒಂದು ಕಡೆ, ವಾಕ್ಯದವರು ಒಂದು ಕಡೆ, ಕಥೆ ಓದುವವರು ಇನ್ನೊಂದು ಕಡೆ. ಆರನೇ ತರಗತಿಯ ಹುಡುಗ ಮೂರನೇ ತರಗತಿಯವಳ ಪಕ್ಕ ಕೂರಬೇಕಾಗುತ್ತದೆ, ನಾಚಿಕೆ ಆಗುತ್ತದೆ. ಅದಕ್ಕೇ ಗುಂಪಿಗೆ ಒಂದು, ಎರಡು ಅಂತ ನಂಬರ್ ಬೇಡ. ಗಿಳಿ, ನವಿಲು ಅಂತ ಏನಾದರೂ ಹೆಸರಿಡಿ, ಮತ್ತು ಒಬ್ಬ ಮಗು ಮುಂದಕ್ಕೆ ಹೋದರೆ ಆ ವಾರವೇ ಗುಂಪು ಬದಲಿಸಿ. ಮುಂದೆ ಹೋಗಬಹುದು ಅಂತ ಮಕ್ಕಳಿಗೆ ಕಂಡರೆ ನಾಚಿಕೆ ತಾನಾಗಿಯೇ ಹೋಗುತ್ತದೆ.

ಅತಿ ಕಷ್ಟದ ಗುಂಪನ್ನು ಶಾಲೆಯ ಅತ್ಯಂತ ಅನುಭವಿ ಟೀಚರ್‌ಗೆ ಕೊಡಿ. ಹೊಸದಾಗಿ ಬಂದ ಗೌರವ ಶಿಕ್ಷಕಿಗೆ (ಸರ್ಕಾರದ ಬದಲು ಆಡಳಿತ ಮಂಡಳಿಯೇ ಸಂಬಳ ಕೊಡುವವರು) ಆ ಗುಂಪನ್ನು ವಹಿಸಿ ಹಿರಿಯರು ಏಳನೇ ತರಗತಿ ಇಟ್ಟುಕೊಳ್ಳುವುದು ಎಲ್ಲ ಕಡೆ ಕಾಣುವ ರೂಢಿ. ಅದನ್ನು ಬದಲಿಸಲೇಬೇಕು.

ಆ ಗಂಟೆಯಲ್ಲಿ ಏನು ಮಾಡಬೇಕು? ಟೀಚರ್ ಒಂದು ಸಣ್ಣ ಕಥೆಯನ್ನು ಬೆರಳಿಟ್ಟು ಜೋರಾಗಿ ಓದಬೇಕು, ಆಮೇಲೆ ಮಕ್ಕಳು ಒಟ್ಟಿಗೆ, ಆಮೇಲೆ ಜೋಡಿಯಾಗಿ, ಕೊನೆಗೆ ಒಬ್ಬೊಬ್ಬರಾಗಿ. ಕಥೆಯ ಬಗ್ಗೆ ಮಾತು. ಕಥೆಯಿಂದ ಹತ್ತು ಪದ ಆರಿಸಿ ಅಕ್ಷರ ಒಡೆದು ಕೂಡಿಸುವ ಆಟ. ಒತ್ತಕ್ಷರದ ಮಕ್ಕಳಿಗೆ ಅಕ್ಕ, ಅಜ್ಜ, ಅಣ್ಣ, ಅಮ್ಮ, ಅಪ್ಪ ಅಂತ ದಿನಾ ಬಾಯಲ್ಲಿ ಇರುವ ಪದಗಳನ್ನೇ ಬೋರ್ಡಿನಲ್ಲಿ ಒತ್ತು ಇಟ್ಟು, ಒತ್ತು ತೆಗೆದು ಓದಿಸಿ. ಅಜ ಎಂದರೆ ಆಡು, ಅಜ್ಜ ಎಂದರೆ ಅಜ್ಜ ಅಂತ ಗೊತ್ತಾದಾಗ ಮಕ್ಕಳೇ ನಗುತ್ತಾರೆ, ಆಮೇಲೆ ಒತ್ತು ಬಿಡುವುದಿಲ್ಲ. ಕೊನೆಯ ಹತ್ತು ನಿಮಿಷ ಬರವಣಿಗೆ, ಬೋರ್ಡ್ ನೋಡಿ ನಕಲು ಅಲ್ಲ, ತಮ್ಮದೇ ಎರಡು ವಾಕ್ಯ. ತಪ್ಪಾದರೆ ಆಗಲಿ.

ಲೆಕ್ಕಕ್ಕೆ ಹಿಡಿಸೂಡಿಯ (ತೆಂಗಿನ ಕಡ್ಡಿ ಪೊರಕೆಯ) ಕಡ್ಡಿ ಸಾಕು. ಸಮ ಉದ್ದಕ್ಕೆ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. 42 ಅಂದರೆ ನಾಲ್ಕು ಕಟ್ಟು, ಎರಡು ಬಿಡಿ. ಇದರಿಂದ 17 ಕೊಡು ಅನ್ನಿ. ಬಿಡಿಯಲ್ಲಿ ಏಳು ಇಲ್ಲ, ಒಂದು ಕಟ್ಟು ಬಿಚ್ಚಲೇಬೇಕು. ಮಗು ಕಟ್ಟು ಬಿಚ್ಚಿ ಹನ್ನೆರಡು ಬಿಡಿ ಮಾಡಿ ಏಳು ಕೊಟ್ಟಾಗ ಐದು ಉಳಿಯುತ್ತದೆ, ಉಳಿದ ಮೂರು ಕಟ್ಟಿನಲ್ಲಿ ಒಂದು ಕೊಟ್ಟರೆ ಎರಡು. ಇಪ್ಪತ್ತೈದು. ಕೈಯಲ್ಲಿ ಮಾಡಿ ನೋಡಿದ ಮೇಲೆ ಬೋರ್ಡಿಗೆ ಹೋಗಿ. ಬಹುತೇಕ ಮಕ್ಕಳಿಗೆ ಪುಸ್ತಕದಲ್ಲಿ ಸಿಗದೆ ಇದ್ದದ್ದು ಇಲ್ಲಿ ಸಿಗುತ್ತದೆ.

ಉಳಿದ ದಿನದಲ್ಲಿ ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ನಡೆಸುವುದು ಹೇಗೂ ತಪ್ಪಿದ್ದಲ್ಲ. ಅದಕ್ಕೆ ದಾರಿ ನಮ್ಮ ರಾಜ್ಯದಲ್ಲೇ ಹುಟ್ಟಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ ಕಲಿ ಪದ್ಧತಿಯಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ಮೆಟ್ಟಿಲಿನಲ್ಲಿ ತಾವೇ ಮುಂದೆ ಹೋಗುತ್ತಾರೆ. ಪಕ್ಕದ ಸರ್ಕಾರಿ ಶಾಲೆಯಲ್ಲಿ ಇದನ್ನು ಚೆನ್ನಾಗಿ ನಡೆಸುವ ಟೀಚರ್ ಇದ್ದರೆ ಒಂದು ದಿನ ಹೋಗಿ ಕೂತು ನೋಡಿ ಬನ್ನಿ. ಸರ್ಕಾರಿ ಶಾಲೆ ನಮಗೆ ಎದುರಾಳಿ ಅನ್ನುವ ಭಾವನೆ ಕೆಲವು ಆಡಳಿತ ಮಂಡಳಿಗಳಲ್ಲಿ ಇದೆ, ಬಿಟ್ಟುಬಿಡಿ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿಆರ್‌ಪಿ ಅವರನ್ನು ಕೇಳಿದರೆ ಅವರೇ ಒಳ್ಳೆಯ ಶಾಲೆ ತೋರಿಸುತ್ತಾರೆ.

ಮತ್ತೆ ದಸರಾ ರಜೆಗೆ ಮೊದಲು ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಅದೇ ರೀತಿ ಓದಿಸಿ ನೋಡಿ. ಹಾಳೆ ಹೊಸದಿರಲಿ. ಯಾರಾದರೂ ಕದಲದೆ ಅಲ್ಲೇ ನಿಂತಿದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಗುವನ್ನು ವರ್ಷಗಟ್ಟಲೆ ದಡ್ಡ ಅಂತ ಕರೆದಿರುವುದು ಬಹಳ ಕಡೆ ಆಗಿದೆ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಕರಾವಳಿಯ ಮಳೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಜೂನ್, ಜುಲೈಯಲ್ಲಿ ರೆಡ್ ಅಲರ್ಟ್ ಅಂತ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಆಮೇಲೆ ಶನಿವಾರ ಮಧ್ಯಾಹ್ನ ತರಗತಿ ಮಾಡಿ ತುಂಬಿಸಬೇಕಾಗುತ್ತದೆ. ಆ ಹೆಚ್ಚುವರಿ ಸಮಯವನ್ನು ಪಾಠ ಓಡಿಸುವುದಕ್ಕೆ ಬಳಸದೆ ಓದಿಗೇ ಕೊಡಿ.

ಮನೆ ಭಾಷೆಗೆ ಶಾಲೆಯಲ್ಲಿ ಜಾಗ ಬೇಕು

ಒಂದನೇ ತರಗತಿಯ ಹತ್ತು ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಒಬ್ಬಿಬ್ಬರು ಇರಬಹುದು. ಉಳಿದವರದು ತುಳು, ಕೊಂಕಣಿ, ಬ್ಯಾರಿ, ಮಲಯಾಳಂ. ಈಗ ಕಟ್ಟಡ ಕೆಲಸಕ್ಕೆ, ತೋಟಕ್ಕೆ ಬಂದವರ ಮಕ್ಕಳೂ ಇರುತ್ತಾರೆ. ಕೊಪ್ಪಳ, ಬಾಗಲಕೋಟೆ ಕಡೆಯವರಾದರೆ ಕನ್ನಡ ಬರುತ್ತದೆ, ಆದರೆ ನಮ್ಮ ಮಾತಿನ ಧಾಟಿ ಅವರಿಗೆ ಹೊಸದು. ಬಿಹಾರ, ಒಡಿಶಾದವರಾದರೆ ಎಲ್ಲವೂ ಹೊಸದು.

ಶಾಲೆಯೊಳಗೆ ಕನ್ನಡ ಮಾತ್ರ ಅಂತ ದಂಡ ಹಾಕುವುದು, ಬೈಯುವುದು ಮಾಡಬೇಡಿ. ಮೊದಲ ಎರಡು ತಿಂಗಳು ಟೀಚರ್ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಿ, ಅದೇ ಮಾತನ್ನು ಕನ್ನಡದಲ್ಲಿ ಹೇಳಲಿ. ಮಗು ತುಳುವಿನಲ್ಲಿ ಕಥೆ ಹೇಳಲಿ, ಟೀಚರ್ ಅದನ್ನು ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಯಲಿ, ಎಲ್ಲರೂ ಓದಲಿ. ತಾನು ಹೇಳಿದ ಕಥೆ ಬೋರ್ಡ್ ಮೇಲೆ ಬಂದರೆ ಆ ಮಗುವಿಗೆ ಓದಿನ ಮೇಲೆ ಬರುವ ಆಸೆಯೇ ಬೇರೆ. ಟೀಚರ್‌ಗೆ ಗೊತ್ತಿಲ್ಲದ ಭಾಷೆಯಾದರೆ ಅದೇ ಭಾಷೆಯ ದೊಡ್ಡ ಮಗುವನ್ನು ಜೊತೆಗೆ ಕೂರಿಸಿ.

ಇಂಗ್ಲಿಷ್ ಬಗ್ಗೆ ಹೆತ್ತವರಿಗೆ ನೇರ ಉತ್ತರ ಕೊಡಿ

ಹೆತ್ತವರು ಮಕ್ಕಳನ್ನು ಬೇರೆ ಕಡೆ ಹಾಕುವುದಕ್ಕೆ ದೊಡ್ಡ ಕಾರಣ ಎರಡು. ಒಂದು ಇಂಗ್ಲಿಷ್, ಇನ್ನೊಂದು ಮನೆ ಬಾಗಿಲಿಗೆ ಬರುವ ವ್ಯಾನ್. ಕನ್ನಡ ಅಭಿಮಾನದ ಭಾಷಣ ಮಾಡಿದರೆ ಯಾರೂ ಬರುವುದಿಲ್ಲ. ಅವರ ಆಸೆಯಲ್ಲಿ ತಪ್ಪೇನೂ ಇಲ್ಲ, ಅಲ್ವಾ? ಮಕ್ಕಳಿಗೆ ಇಂಗ್ಲಿಷ್ ಬರಬೇಕು ಅಂತ ಅವರಿಗೆ ಇದೆ. ನಮಗೂ ಇರಬೇಕು.

ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಹೇಗೂ ಇದೆ. ಅದನ್ನು ಮಾತಿನ ತರಗತಿ ಮಾಡಿ. ದಿನಾ ಅರ್ಧ ಗಂಟೆ, ಪುಸ್ತಕ ಮುಚ್ಚಿ. ಅಂಗಡಿ ಆಟ, ದಾರಿ ಹೇಳುವ ಆಟ, ಹಾಡು, ಮನೆಯವರ ಪರಿಚಯ. ಊರಲ್ಲಿ ನಿವೃತ್ತರಾದ ಬ್ಯಾಂಕಿನವರು, ಗಲ್ಫಿನಿಂದ ವಾಪಸ್ ಬಂದವರು, ಕಾಲೇಜಿಗೆ ಹೋಗುವ ಹುಡುಗಿಯರು ಇರುತ್ತಾರೆ. ವಾರಕ್ಕೆ ಎರಡು ದಿನ ಬರುವಂತೆ ಕೇಳಿ. ವರ್ಷದ ಕೊನೆಗೆ ಹೆತ್ತವರನ್ನು ಕರೆದು ಮಕ್ಕಳಿಂದಲೇ ಮಾತಾಡಿಸಿ. ಬಾಯಿಪಾಠದ ಭಾಷಣ ಬೇಡ. ಹೆತ್ತವರು ಕೇಳಿದ ಪ್ರಶ್ನೆಗೆ ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಮುಂದಿನ ವರ್ಷದ ದಾಖಲಾತಿಗೆ ಫ್ಲೆಕ್ಸ್ ಹಾಕುವ ಅಗತ್ಯವೇ ಬೀಳುವುದಿಲ್ಲ.

ಇಡೀ ಶಾಲೆಯನ್ನು ಒಂದೇ ಸಲ ಇಂಗ್ಲಿಷ್ ಮಾಧ್ಯಮ ಮಾಡುವ ಯೋಚನೆಗೆ ನನ್ನ ಒಪ್ಪಿಗೆ ಇಲ್ಲ. ಕಲಿಸುವ ಟೀಚರ್‌ಗೇ ಇಂಗ್ಲಿಷ್ ಸರಾಗ ಬರದೆ ಇದ್ದರೆ ಮಕ್ಕಳು ಎರಡೂ ಭಾಷೆಯಲ್ಲಿ ಅರ್ಧಂಬರ್ಧ ಆಗುತ್ತಾರೆ. ಅನುದಾನದ ವಿಷಯವೂ ಇದೆ, ಮಾಧ್ಯಮ ಬದಲಿಸುವ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಬರಹದಲ್ಲೇ ಕೇಳಿ.

ಟೀಚರ್‌ಗಳ ಕೈ ಬಲಪಡಿಸಿ

ನಿವೃತ್ತಿಯಿಂದ ಖಾಲಿಯಾದ ಅನುದಾನಿತ ಹುದ್ದೆ ವರ್ಷಗಟ್ಟಲೆ ಖಾಲಿಯೇ ಇರುತ್ತದೆ. ಹಾಗಾಗಿ ಗೌರವ ಶಿಕ್ಷಕಿಯರ ಮೇಲೆ ಶಾಲೆ ನಿಂತಿದೆ. ಅವರ ಸಂಬಳದ ವಿಷಯದಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಗೌರವ ಅಂತ ಹೆಸರಿಟ್ಟು ಮನೆಗೆಲಸಕ್ಕಿಂತ ಕಡಿಮೆ ಕೊಡುವುದು, ಅದನ್ನೂ ಏಪ್ರಿಲ್ ಮೇ ತಿಂಗಳಲ್ಲಿ ನಿಲ್ಲಿಸುವುದು ಸರಿಯಲ್ಲ. ಹನ್ನೆರಡು ತಿಂಗಳಿಗೂ ಕೊಡಿ, ನಿಗದಿತ ತಾರೀಕಿಗೆ ಬ್ಯಾಂಕಿಗೆ ಹಾಕಿ. ಹೊಸ ಕಮಾನು ಕಟ್ಟುವ ದುಡ್ಡಿನಲ್ಲಿ ಒಬ್ಬ ಒಳ್ಳೆಯ ಟೀಚರ್‌ಗೆ ಎರಡು ಮೂರು ವರ್ಷ ಸಂಬಳ ಕೊಡಬಹುದು. ಸಭೆಯಲ್ಲಿ ಇದನ್ನು ಜೋರಾಗಿ ಹೇಳುವವರು ಒಬ್ಬರಾದರೂ ಇರಬೇಕು.

ವಾರಕ್ಕೊಮ್ಮೆ, ಶುಕ್ರವಾರ ಸಂಜೆ ಅರ್ಧ ಗಂಟೆ ಎಲ್ಲ ಟೀಚರ್‌ಗಳು ಕೂರಲಿ. ವಿಷಯ ಒಂದೇ. ಈ ವಾರ ಯಾವ ಮಗು ಮುಂದೆ ಹೋಯಿತು, ಯಾವುದು ಸಿಕ್ಕಿಹಾಕಿಕೊಂಡಿದೆ. ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವದ ಮಾತು ಆ ಅರ್ಧ ಗಂಟೆಯಲ್ಲಿ ಬೇಡ. ಫಾದರ್ ತಿಂಗಳಿಗೊಮ್ಮೆ ಬಂದು ಕೂತರೆ ಸಾಕು. ಹುಳುಕು ಹುಡುಕುವ ಸಾಹೇಬರ ಥರ ಬರಬೇಡಿ, ಕೇಳುವುದಕ್ಕೆ ಬನ್ನಿ.

ಕೋಲು ಬೇಡ. ಹೊಡೆಯುವುದು, ಅವಮಾನ ಮಾಡುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪನ್ನು ಮತ್ತೆ ನೋಡಬೇಕು ಅಂತ 2025ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಹೇಳಿದೆ. ಕೋರ್ಟು ಏನೇ ಹೇಳಲಿ, ಮಗುವಿಗೆ ಹೊಡೆಯದಿರುವುದಕ್ಕೆ ಚರ್ಚ್ ಶಾಲೆಗೆ ಕಾಯ್ದೆಯ ಅಗತ್ಯ ಇರಬಾರದು.

ಕಟ್ಟಡ: ಮೇ ತಿಂಗಳ ಕೆಲಸ

ಮಾಡಿಗೆ ಹತ್ತಿ ನೋಡುವ ಕೆಲಸ ಮೇ 10ರ ಒಳಗೆ ಮುಗಿಯಲಿ. ಒಡೆದ ಹಂಚು ಬದಲಿಸುವುದು ಸುಲಭ. ಹಂಚಿನ ಅಡಿಯ ಪಕ್ಕಾಸು, ರೀಪು, ಅಂದರೆ ಹಂಚು ಹೊರುವ ಮರದ ಪಟ್ಟಿಗಳನ್ನು, ಗೆದ್ದಲು ತಿಂದಿದೆಯಾ ಅಂತ ಬಡಗಿಯಿಂದಲೇ ತಟ್ಟಿಸಿ ನೋಡಿ. ಜೂನ್ ಬಂದ ಮೇಲೆ ಏನೂ ಮಾಡಲು ಬರುವುದಿಲ್ಲ. ಹಳೆಯ ಕೋಣೆಗಳು ಮಳೆಗಾಲದಲ್ಲಿ ತುಂಬ ಕತ್ತಲೆ, ಕರೆಂಟೂ ಇರುವುದಿಲ್ಲ. ಪ್ರತಿ ಕೋಣೆಗೆ ಮೂರು ನಾಲ್ಕು ಗಾಜಿನ ಹಂಚು ಹಾಕಿಸಿ, ಗೋಡೆಗೆ ಒಳಗಿನಿಂದ ಬಿಳಿ ಸುಣ್ಣ. ಖರ್ಚು ಕಡಿಮೆ, ಓದಲು ಬೆಳಕು ಸಿಗುತ್ತದೆ. ಕಪ್ಪು ಹಲಗೆಗೆ ಹೊಸ ಬಣ್ಣ ಬಳಿಸಿ, ಅರ್ಧ ಶಾಲೆಗಳಲ್ಲಿ ಬರೆದದ್ದು ಹಿಂದಿನ ಬೆಂಚಿಗೆ ಕಾಣುವುದೇ ಇಲ್ಲ.

ಶೌಚಾಲಯ ಇದೆಯಾ ಅಂತ ಕೇಳಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಹೋಗಿ ನೋಡಿ. ನೀರು ಬರುತ್ತದಾ, ಚಿಲಕ ಹಾಕುತ್ತದಾ, ಹುಡುಗಿಯರದು ಬೇರೆ ಇದೆಯಾ. ದಿನಾ ತೊಳೆಯುವುದಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಡಿ, ಮಕ್ಕಳಿಂದ ತೊಳೆಸಬೇಡಿ. ಕೈ ತೊಳೆಯಲು ಸಾಲಾಗಿ ನಲ್ಲಿ ಹಾಕಿಸಿ. ಬಾವಿಗೆ ಕಬ್ಬಿಣದ ಬಲೆ ಹಾಕಿಸಿ, ಮಳೆ ಶುರುವಾದ ಮೇಲೆ ನೀರು ಪರೀಕ್ಷೆ ಮಾಡಿಸಿ.

ಸ್ಮಾರ್ಟ್ ಟಿವಿ ಕೊಡುತ್ತೇವೆ ಅಂತ ಬರುವವರು ಜಾಸ್ತಿ. ಬೇಡ ಅನ್ನಬೇಡಿ, ಆದರೆ ಮೊದಲು ಇನ್ನೂರು ಕಥೆ ಪುಸ್ತಕ ಕೇಳಿ. ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಪುಸ್ತಕ ಇಟ್ಟರೆ ಗ್ರಂಥಾಲಯ ಆಗುವುದಿಲ್ಲ. ಜಗಲಿಯಲ್ಲಿ ಹಗ್ಗ ಕಟ್ಟಿ ನೇತುಹಾಕಿ, ಮನೆಗೆ ಒಯ್ಯಲು ಬಿಡಿ, ಹರಿದರೆ ಗೋಂದು ಹಚ್ಚಿ.

ಊಟ

ಅನುದಾನಿತ ಶಾಲೆಗೂ ಅಕ್ಷರ ದಾಸೋಹದ ಬಿಸಿಯೂಟ, ಕ್ಷೀರಭಾಗ್ಯದ ಹಾಲು ಬರುತ್ತದೆ. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಅಂತ ಲೆಕ್ಕ. ಆರರಿಂದ ಮೇಲೆ 150, 30, 75. ಸಾರಿನಲ್ಲಿ ತರಕಾರಿ ಕಾಣದೆ ಹೋಗುವುದು ದುಡ್ಡು ಸಾಲದೆ. ಚರ್ಚಿನ ಹಿತ್ತಲಲ್ಲಿ ಬಸಳೆ, ತೊಂಡೆ, ಅಲಸಂಡೆ, ನುಗ್ಗೆ ಬೆಳೆಸಿ. ವಾರಕ್ಕೊಂದು ಮನೆಯವರು ತೆಂಗಿನಕಾಯಿ ಕೊಟ್ಟರೂ ರುಚಿ ಬದಲಾಗುತ್ತದೆ. ಟೀಚರ್‌ಗಳೂ ಅದೇ ಊಟ ಮಾಡಲಿ, ಮಕ್ಕಳ ಜೊತೆ ಕೂತು.

ಚರ್ಚ್ ಏನು ಕೊಡಬೇಕು, ಎಲ್ಲಿ ನಿಲ್ಲಬೇಕು

ಬೇರೆ ಯಾವ ಸಣ್ಣ ಶಾಲೆಗೂ ಇಲ್ಲದ ಒಂದು ಬಲ ಚರ್ಚ್ ಶಾಲೆಗೆ ಇದೆ. ಪ್ರತಿ ಭಾನುವಾರ ಊರಿನ ಜನ ಒಂದು ಕಡೆ ಸೇರುತ್ತಾರೆ. ಚರ್ಚಿನ ಮನೆಗಳನ್ನು ವಾಳೆ ಅಂತ ಗುಂಪು ಮಾಡಿದ್ದು, ವಾಳೆಗೊಬ್ಬ ಗುರಿಕಾರರು (ಮುಖಂಡರು) ಇದ್ದಾರೆ, ಯಾವ ಮನೆಯಲ್ಲಿ ಏನು ಕಷ್ಟ ಅಂತ ಅವರಿಗೆ ಗೊತ್ತು. ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಂಥ ಸಂಘಟನೆಗಳು ಇವೆ. ನಿವೃತ್ತ ಟೀಚರ್‌ಗಳು, ನರ್ಸುಗಳು, ಮೇಸ್ತ್ರಿಗಳು, ಎಲೆಕ್ಟ್ರಿಷಿಯನ್‌ಗಳು ಎಲ್ಲರೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಂದ ಬರೀ ಕಾಣಿಕೆ ಕೇಳುವುದಕ್ಕಿಂತ ಸಮಯ ಕೇಳಿ. ಪೂಜೆಯ ಕೊನೆಯ ಪ್ರಕಟಣೆಯಲ್ಲಿ "ಶಾಲೆಗೆ ಸಹಾಯ ಮಾಡಿ" ಅಂದರೆ ಯಾರೂ ಏಳುವುದಿಲ್ಲ. "ಮಂಗಳವಾರ ಬೆಳಗ್ಗೆ ಹತ್ತರಿಂದ ಹನ್ನೊಂದು, ಆರು ಮಕ್ಕಳಿಗೆ ಕಥೆ ಓದಿಸಲು ಇಬ್ಬರು ಬೇಕು" ಅಂದರೆ ಬರುತ್ತಾರೆ.

ಇನ್ನು ಎಲ್ಲಿ ನಿಲ್ಲಬೇಕು ಅನ್ನುವುದು. ಬಹುತೇಕ ಚರ್ಚ್ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ ಮಕ್ಕಳೂ ಇದ್ದಾರೆ, ಎಷ್ಟೋ ಕಡೆ ಅವರೇ ಜಾಸ್ತಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದೇ ಸಂವಿಧಾನದ 28(3) ಪ್ರಕಾರ ಅನುದಾನ ಪಡೆಯುವ ಶಾಲೆಯಲ್ಲಿ ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ, ಪ್ರಾರ್ಥನೆಗೆ ಕೂರಿಸುವ ಹಾಗಿಲ್ಲ. 29(2)ರ ಪ್ರಕಾರ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಹಾಗಾಗಿ ಕ್ರೈಸ್ತ ಮಕ್ಕಳ ಧರ್ಮಶಿಕ್ಷಣ ಭಾನುವಾರ ಚರ್ಚಿನಲ್ಲಿ ನಡೆಯಲಿ, ಶಾಲೆಯ ಸಮಯದಲ್ಲಿ ಎಲ್ಲರಿಗೂ ಸಲ್ಲುವ ಮೌಲ್ಯ ಶಿಕ್ಷಣ ಇರಲಿ. ಇದನ್ನು ಜೂನ್‌ನ ಮೊದಲ ಹೆತ್ತವರ ಸಭೆಯಲ್ಲೇ ಫಾದರ್ ಬಾಯಿಬಿಟ್ಟು ಹೇಳಲಿ. ಹೇಳದೆ ಬಿಟ್ಟ ಮಾತಿನಿಂದಲೇ ಊರಲ್ಲಿ ಇಲ್ಲದ ಗುಸುಗುಸು ಹುಟ್ಟುತ್ತದೆ. ಶಿಕ್ಷಕ ರಕ್ಷಕ ಸಂಘದ ಅಧ್ಯಕ್ಷರು ಯಾವ ಧರ್ಮದವರಾದರೂ ಆಗಲಿ, ಶಾಲೆ ಊರಿನದ್ದು.

ಮಕ್ಕಳ ಸುರಕ್ಷತೆ

ಇಲ್ಲಿ ರಾಜಿ ಇಲ್ಲ. ಸ್ವಯಂಸೇವಕರು ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ. ಜಗಲಿಯಲ್ಲೇ ಓದಿಸಿ. ಮಕ್ಕಳ ಸಹಾಯವಾಣಿ 1098 ನಂಬರನ್ನು ಮಕ್ಕಳ ಕಣ್ಣೆತ್ತರಕ್ಕೆ ಗೋಡೆಯಲ್ಲಿ ಬರೆಯಿರಿ. ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ, ತಿಳಿಸದೆ ಇರುವುದೇ ಅಪರಾಧ. ಶಾಲೆಯ ಹೆಸರು, ಚರ್ಚಿನ ಹೆಸರು ಕೆಡುತ್ತದೆ ಅಂತ ಒಳಗೊಳಗೇ ಮುಗಿಸುವ ಮಾತು ಯಾರೇ ಆಡಿದರೂ ಅಲ್ಲೇ ತಡೆಯಿರಿ.

ದುಡ್ಡು

ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. ಗೌರವ ಶಿಕ್ಷಕಿಯರ ಸಂಬಳ, ಸ್ವಚ್ಛತೆ, ಕರೆಂಟು, ಮಾಡಿನ ದುರಸ್ತಿ, ಪುಸ್ತಕ, ವಾಹನ. ಶಾಲೆಗೆ ಬೇರೆಯೇ ಬ್ಯಾಂಕ್ ಖಾತೆ, ಇಬ್ಬರ ಸಹಿ, ಪ್ರತಿ ರೂಪಾಯಿಗೂ ರಶೀದಿ. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿ. ಲೆಕ್ಕ ತೋರಿಸುವ ಶಾಲೆಗೆ ಕೊಡುವ ಕೈ ತಾನಾಗಿ ಬರುತ್ತದೆ.

ಹಳೆ ವಿದ್ಯಾರ್ಥಿಗಳಲ್ಲಿ ದುಬೈ, ಕುವೈತ್, ಮಸ್ಕತ್‌ನಲ್ಲಿ ಇರುವವರು ಬಹಳ. ಅವರು ಭಾರತದ ಪಾಸ್‌ಪೋರ್ಟಿನವರಾಗಿದ್ದು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆ ಅಂತ ಪರಿಗಣಿಸುವುದಿಲ್ಲ. ಆದರೆ ಕೆನಡಾ, ಬ್ರಿಟನ್ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆ ಆಗುತ್ತದೆ, ಹೆಸರು ಕೊಂಕಣಿಯದ್ದೇ ಆದರೂ, ಹುಟ್ಟಿದ್ದು ಶಾಲೆಯ ಪಕ್ಕದ ಮನೆಯಲ್ಲೇ ಆದರೂ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಅದನ್ನು ತಗೊಳ್ಳಬೇಡಿ. ಧರ್ಮಪ್ರಾಂತದ (ಬಿಷಪರ ಆಡಳಿತ ವ್ಯಾಪ್ತಿಯ) ಶಿಕ್ಷಣ ಮಂಡಳಿಯಲ್ಲಿ, ಲೆಕ್ಕಪರಿಶೋಧಕರಲ್ಲಿ ಮೊದಲೇ ಕೇಳಿ. ಕೊಡುವವರಿಗೂ ಒಂದು ಮಾತು ಹೇಳಿ, ಒಂದೇ ಸಲ ಐದು ಲಕ್ಷದ ಹಾಲ್ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಹಾಕಿಸುವುದಕ್ಕಿಂತ ಐದು ವರ್ಷ ತಿಂಗಳು ತಿಂಗಳು ಕಳಿಸುವುದರಿಂದ ಶಾಲೆಗೆ ಎಷ್ಟೋ ಜಾಸ್ತಿ ಉಪಕಾರ.

ದಾಖಲಾತಿ

ಇದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಓದು ಸರಿಯಾಗದೆ ಮಕ್ಕಳನ್ನು ಸೇರಿಸಿದರೆ ಎರಡನೇ ವರ್ಷ ಟಿಸಿ ತಗೊಂಡು ಹೋಗುತ್ತಾರೆ.

ಅಂಗನವಾಡಿ ಟೀಚರ್ ಬಳಿ ಆರು ವರ್ಷ ತುಂಬುವ ಮಕ್ಕಳ ಪಟ್ಟಿ ಇರುತ್ತದೆ, ಮಾರ್ಚ್‌ನಲ್ಲೇ ಮಾತಾಡಿ. ಏಪ್ರಿಲ್‌ನಲ್ಲಿ ಟೀಚರ್ ಮತ್ತು ಒಬ್ಬರು ಈಗಿನ ತಾಯಿ ಜೊತೆಯಾಗಿ ಮನೆಗೆ ಹೋಗಲಿ. ಹೆತ್ತವರು ಇನ್ನೊಬ್ಬ ತಾಯಿಯ ಮಾತನ್ನು ನಂಬುತ್ತಾರೆ. ಕಾರ್ಮಿಕರ ಶೆಡ್ಡುಗಳಿಗೂ ಹೋಗಿ, ಅಲ್ಲಿ ಶಾಲೆಗೇ ಹೋಗದ ಮಕ್ಕಳು ಇರುತ್ತಾರೆ. ಆಧಾರ್ ಇಲ್ಲ, ಟಿಸಿ ಇಲ್ಲ ಅಂತ ವಾಪಸ್ ಕಳಿಸಬೇಡಿ, ಮೊದಲು ತರಗತಿಯಲ್ಲಿ ಕೂರಿಸಿ, ಕಾಗದ ಆಮೇಲೆ ಮಾಡಿಸಿ ಕೊಡಿ. ದೂರದ ಮಕ್ಕಳಿಗೆ ಊರಿನದ್ದೇ ಒಂದು ಆಟೋ ಗೊತ್ತು ಮಾಡಿ, ಅರ್ಧ ಬಾಡಿಗೆ ಹಳೆ ವಿದ್ಯಾರ್ಥಿ ಸಂಘ ಹಾಕಲಿ. ಎಲ್‌ಕೆಜಿ, ಯುಕೆಜಿ ಶುರು ಮಾಡುವುದಾದರೆ ಆಟ, ಹಾಡು, ಕಥೆ ಇರಲಿ. ನಾಲ್ಕು ವರ್ಷದ ಮಗುವಿನ ಕೈಯಲ್ಲಿ ಕಾಪಿ ಬರೆಸಬೇಡಿ.

ಫಾದರ್‌ಗೆ ವರ್ಗ ಆದರೆ

ಚರ್ಚ್ ಶಾಲೆಗೆ ಬೇರೆಲ್ಲೂ ಇಲ್ಲದ ಒಂದು ತೊಂದರೆ ಇದು. ಒಬ್ಬ ಫಾದರ್ ಆಸಕ್ತಿಯಿಂದ ಎಲ್ಲ ಶುರು ಮಾಡುತ್ತಾರೆ, ಕೆಲವು ವರ್ಷದಲ್ಲಿ ವರ್ಗ ಆಗುತ್ತದೆ, ಬಂದವರಿಗೆ ಕಟ್ಟಡದ ಮೇಲೆ ಆಸಕ್ತಿ, ಓದಿನ ಗಂಟೆ ನಿಂತುಹೋಗುತ್ತದೆ. ಮುಖ್ಯ ಶಿಕ್ಷಕಿ ಸಿಸ್ಟರ್ ಆಗಿದ್ದರೆ ಅವರಿಗೂ ಇದೇ.

ಅದಕ್ಕೆ ಶಾಲೆಗೆ ಒಂದು ಸಣ್ಣ ಸಮಿತಿ ಇರಲಿ. ಚರ್ಚಿನ ಪಾಲನಾ ಮಂಡಳಿಯ ಇಬ್ಬರು, ಶಿಕ್ಷಕ ರಕ್ಷಕ ಸಂಘದ ಇಬ್ಬರು, ಹಳೆ ವಿದ್ಯಾರ್ಥಿ ಒಬ್ಬರು, ಒಬ್ಬ ನಿವೃತ್ತ ಟೀಚರ್. ಒಂದೇ ಸಲ ಎಲ್ಲರೂ ಬದಲಾಗಬಾರದು, ವರ್ಷಕ್ಕೆ ಇಬ್ಬರು ಹೊರಗೆ, ಇಬ್ಬರು ಒಳಗೆ. ಹೊಸ ಫಾದರ್ ಬಂದ ಮೊದಲ ತಿಂಗಳಲ್ಲೇ ಸಮಿತಿ ಅವರನ್ನು ಶಾಲೆಗೆ ಕರೆದುಕೊಂಡು ಹೋಗಿ ಐದು ಮಕ್ಕಳ ಓದು ಕೇಳಿಸಲಿ. ಅದಾದ ಮೇಲೆ ಫೈಲು ಕೊಡಲಿ. ಮಕ್ಕಳ ಓದಿನ ಪುಸ್ತಕ, ಮೂರು ವರ್ಷದ ಲೆಕ್ಕ, ಅನುದಾನದ ಆದೇಶ ಮತ್ತು ಮಾನ್ಯತೆ ನವೀಕರಣದ ಪ್ರತಿ, ಜಾಗದ ಆರ್‌ಟಿಸಿ (ಪಹಣಿ), ಕೊಡುತ್ತೇವೆ ಅಂತ ಒಪ್ಪಿಕೊಂಡ ದಾನಿಗಳ ಪಟ್ಟಿ, ಮಾಡಿನಲ್ಲಿ ಯಾವ ಕೋಣೆಯ ಪಕ್ಕಾಸು ಮುಂದಿನ ಮೇ ತಿಂಗಳಲ್ಲಿ ಬದಲಿಸಬೇಕು ಅನ್ನುವ ಟಿಪ್ಪಣಿ. ಒಂದು ಪ್ರತಿ ಶಾಲೆಯಲ್ಲಿ, ಒಂದು ಚರ್ಚಿನ ಕಚೇರಿಯಲ್ಲಿ, ಒಂದು ಸಮಿತಿಯ ಕಾರ್ಯದರ್ಶಿಯ ಮನೆಯಲ್ಲಿ.